ತೊಗಲು ಹದವಾಗುವ ಬಗೆ

ಎಳೆಯ ಬಾಳೆಕಾಯಿಯನ್ನು ಕಚ್ಚಿದಾಗ, ಇಲ್ಲವೆ ಸರಿಯಾಗಿ ಮಾಗದ ನೇರಳೆಹಣ್ಣನ್ನು ತಿಂದಾಗ, ನಾಲಿಗೆಯನ್ನು ಯಾರೋ ಹಿಡಿದು ಹಿಂಡಿದಂತಾಗುವುದನ್ನು ವಾಚಕರೆಲ್ಲರೂ ಬಲ್ಲರು. ಅದಕ್ಕೆ ನಾವು ಒಗರು ಎನ್ನುತ್ತೇವೆ. ಆರು ರುಚಿಗಳಲ್ಲಿ ಅದೂ ಒಂದೆಂದು ನಮ್ಮ ಹಿರಿಯರು ಎಣಿಸಿದ್ದಾರೆ. ಆದರೆ ವಿಚಾರಮಾಡಿ ನೋಡಿದರೆ ಅದು ರುಚಿಗಿಂತ ಹೆಚ್ಚಾಗಿ ಒಂದು ಹಿಡಿತ. ಕಾಯಿಯಲ್ಲಿರುವ ಟ್ಯಾನಿನ್ ಎಂಬ ಪದಾರ್ಥವು ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಗಟ್ಟಿಮಾಡುತ್ತದೆ. ಜಾರುಗುಣ ಹೋಗಿ ನಾಲಿಗೆ ಒರಟಾಗುತ್ತದೆ. ತೊಗಲನ್ನು ಹದಮಾಡುವ ವಿದ್ಯೆಯೆಲ್ಲ ಇದೇ ಒಗರಿನ ಮೇಲೆ ನಿಂತಿದೆ. ನಾಲಿಗೆಯ ಮೇಲೆ ಒಂದು ಗಳಿಗೆಯಲ್ಲಿ ಆಗುವ ಕೆಲಸ ತೊಗಲಿನಲ್ಲಿ ಮೂರು ವಾರ ನಡೆಯುತ್ತದೆ, ಅಷ್ಟೇ ಭೇದ.

ಈ ವಿಷಯವನ್ನು ಪಾಠಕ್ಕೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. ವಾಚನಾಲಯದ ಬೆಂಚಿನ ಮೇಲೆ ಕೂಡುವ ನಮ್ಮಲ್ಲಿ ಕೆಲವರ ಮನೆಯ ಹಿರಿಯರು ಇದೇ ಕೆಲಸದಿಂದ ಮಕ್ಕಳನ್ನು ಓದಿಸಿದವರು. ಉಳಿದವರ ಮನೆಯವರು ಆ ಕೇರಿಯ ಕಡೆಗೆ ಹಾಯ್ದೂ ಇರಲಿಕ್ಕಿಲ್ಲ. ಮೊದಲಿನವರು ಅದನ್ನು ಆಫೀಸಿನಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಎರಡನೆಯವರಿಗೆ ಹೇಳಲು ಗೊತ್ತೇ ಇಲ್ಲ. ಇಬ್ಬರ ಮೌನದ ನಡುವೆ ಒಂದು ದೊಡ್ಡ ವಿದ್ಯೆ ಮುಳುಗಿಹೋಗುತ್ತಿದೆ. ಕಾಲಿಗೆ ಮೆಟ್ಟು ಮಾತ್ರ ಎಲ್ಲರಿಗೂ ಬೇಕು.

ಮೊದಲು ಒಂದು ಭೇದವನ್ನು ತಿಳಿದುಕೊಳ್ಳಬೇಕು. ಹಲಗೆ, ತಮಟೆ, ಡೊಳ್ಳುಗಳಿಗೆ ಬಿಗಿಯುವ ತೊಗಲು ಹದಮಾಡಿದ್ದಲ್ಲ. ಅದನ್ನು ಕೂದಲು ತೆಗೆದು ಎಳೆದುಕಟ್ಟಿ ಒಣಗಿಸಿರುತ್ತಾರೆ, ಅಷ್ಟೆ. ತೊಗಲುಗೊಂಬೆಯವರ ತೊಗಲೂ ಹಾಗೆಯೇ. ಹದಮಾಡಿದ್ದಾದರೆ ದೀಪದ ಬೆಳಕು ಅದರೊಳಗಿಂದ ಹಾಯಲಾರದು. ಇಂಥ ತೊಗಲು ಒಣಗಿದಾಗ ಬಿರುಸು, ತೋಯ್ದಾಗ ಮೆತ್ತಗೆ, ತೋಯ್ದು ಹಾಗೆಯೇ ಬಿದ್ದರೆ ಕೊಳೆತು ನಾರುತ್ತದೆ. ಜಾತ್ರೆಯಲ್ಲಿ ಹಲಗೆಯವರು ನಡುನಡುವೆ ಹುಲ್ಲು ಹೊತ್ತಿಸಿ ಹಲಗೆ ಕಾಯಿಸುವುದನ್ನು ಕಂಡಿದ್ದೀರಿ. ಗಾಳಿಯ ತೇವ ಅದರೊಳಗೆ ಹೊಕ್ಕು ನಾದ ಇಳಿದಿರುತ್ತದೆ, ಅದಕ್ಕಾಗಿ. ಹದವಾದ ಚರ್ಮ ಹಾಗಲ್ಲ. ತೋಯ್ದು ಒಣಗಿದರೂ ಅದು ಬಾಗುತ್ತದೆ, ಕೊಳೆಯುವುದಿಲ್ಲ.

ಏಕೆ ಹೀಗೆ? ಹಸಿ ತೊಗಲಿನ ನೂರು ಭಾಗದಲ್ಲಿ 60ಕ್ಕೂ ಮಿಕ್ಕಿ ನೀರೇ ಇರುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು. ಆ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಹೆಣೆದುಕೊಂಡಿವೆ. ನೀರಿದ್ದರೆ ಸೂಕ್ಷ್ಮಜೀವಿಗಳು ಅವನ್ನು ತಿನ್ನುತ್ತವೆ. ನೀರು ಆರಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ತೊಗಲು ಹಲಗೆಯಂತಾಗುತ್ತದೆ. ನೀರಿನಲ್ಲಿಟ್ಟು ಕುದಿಸಿದರೆ ಎಳೆಗಳೇ ಕರಗಿ ಬಡಗಿಗಳು ಹಚ್ಚುವ ಅಂಟಾಗುತ್ತವೆ. ಟ್ಯಾನಿನ್ನು ಎಳೆ ಎಳೆಯ ನಡುವೆ ಹೊಕ್ಕು, ಅಲ್ಲಿಯ ನೀರನ್ನು ಸರಿಸಿ, ಎಳೆಗಳನ್ನು ಹಿಡಿದು ಕೂಡುತ್ತದೆ. ಆ ಮೇಲೆ ಅವು ಸೂಕ್ಷ್ಮಜೀವಿಗಳ ಬಾಯಿಗೆ ಸುಲಭವಾಗಿ ಸಿಕ್ಕುವುದಿಲ್ಲ, ಒಣಗಿದಾಗ ಅಂಟಿಕೊಳ್ಳುವುದೂ ಇಲ್ಲ.

ಇನ್ನು ಟ್ಯಾನಿನ್ನು ಎಲ್ಲಿ ಸಿಗುತ್ತದೆಂದರೆ, ನಮ್ಮ ಬೀಳು ನೆಲದಲ್ಲಿ. ಬಯಲುಸೀಮೆಯ ದಾರಿಯ ಎರಡೂ ಬದಿಗೆ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿಯ ಗಿಡವನ್ನು ನೆನೆಯಿರಿ. ಮೈಸೂರು ಸೀಮೆಯವರು ಆವರಿಕೆ ಎನ್ನುತ್ತಾರೆ. ದನ ಅದಕ್ಕೆ ಬಾಯಿ ಹಾಕುವುದು ಕಡಿಮೆ, ಮಳೆ ಇಲ್ಲದಿದ್ದರೂ ಬದುಕುತ್ತದೆ. ಅದರ ಒಣ ತೊಗಟೆಯಲ್ಲಿ ಶೇಕಡಾ 18ರ ಆಸುಪಾಸು ಟ್ಯಾನಿನ್ನಿದೆ. ಪುಣೆಯಲ್ಲಿರುವ ವಾಚಕರು ಇದನ್ನು ತರವಡ ಎಂದು ಕೇಳಬೇಕು, ಚೆನ್ನೈಯವರು ಆವಾರಂ ಎನ್ನಬೇಕು. ಹೈದರಾಬಾದಿನವರಿಗೆ ಇದು ತಂಗೇಡು, ತೆಲಂಗಾಣ ರಾಜ್ಯದ ಹೂವೇ ಅದು. ಎರಡನೆಯದು ಅಳಲೆಕಾಯಿ, ಮರಾಠಿಯ ಹಿರಡಾ, ತಮಿಳಿನ ಕಡುಕ್ಕಾಯ್. ಕೆಮ್ಮಿಗೂ ಹೊಟ್ಟೆಗೂ ಅಜ್ಜಿ ತೇಯ್ದು ಕೊಡುತ್ತಿದ್ದದ್ದು ಇದನ್ನೇ. ಮೂರನೆಯದು ಕರಿಜಾಲಿಯ ತೊಗಟೆ. ದಿಲ್ಲಿಯ ಕಡೆ ಕೀಕರ್, ಬಬೂಲ್ ಎನ್ನುತ್ತಾರೆ. ಉತ್ತರದಲ್ಲಿ ಕಾನ್ಪುರದ ಹದಗಾರರು ಜಾಲಿಯನ್ನು ನೆಚ್ಚಿದರೆ ದಕ್ಷಿಣದವರು ತಂಗಡಿಯನ್ನು ನೆಚ್ಚಿದರು.

ಗುಮಾಸ್ತ ಬಂಧುಗಳಿಗೆ ಒಂದು ಮಾತು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿದರೆ ಕಪ್ಪು ಮಸಿಯಾಗುತ್ತದೆ. ಹಿಂದಿನ ಕಾಲದ ಶಾನುಭೋಗನ ದೌತಿಯೂ ಹದಗಾರನ ಗುಂಡಿಯೂ ಒಂದೇ ಕಾಯಿಯ ಒಗರಿನಿಂದ ತುಂಬಿದ್ದವು. ಒಂದನ್ನು ಜಗುಲಿಯ ಮೇಲಿಟ್ಟರು, ಮತ್ತೊಂದನ್ನು ಊರ ಹೊರಗಿಟ್ಟರು. ಕೆಲಸದ ದೃಷ್ಟಿಯಿಂದಲೂ ಇದನ್ನು ನೆನಪಿಡಬೇಕು: ಹದದ ನೀರಿಗೆ ಕಬ್ಬಿಣದ ಪಾತ್ರೆ, ತುಕ್ಕು ಹಿಡಿದ ಮೊಳೆ, ತಗಡಿನ ಡಬ್ಬಿ ತಾಗಕೂಡದು. ತಾಗಿದಲ್ಲಿ ಚರ್ಮದ ಮೇಲೆ ಮಸಿ ಚೆಲ್ಲಿದಂತೆ ಕಲೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ಮಣ್ಣಿನ ಬಾನಿ, ಮರದ ತೊಟ್ಟಿ ಇಲ್ಲವೆ ಪ್ಲಾಸ್ಟಿಕ್ ಡ್ರಮ್ಮು ಆಗಬಹುದು.

ಈಗ ಕೆಲಸಕ್ಕೆ ಬರೋಣ. ಚಾಳಿನ ಖೋಲಿಯಲ್ಲಿ ಇದಕ್ಕೆ ಕೈಹಾಕಿದರೆ ನೆರೆಹೊರೆಯವರು ನಿಮ್ಮನ್ನೇ ಹದಮಾಡಿಯಾರು. ಊರಿಗೆ ಹೋದಾಗ ಹಿತ್ತಿಲಲ್ಲಿ, ಬಾವಿಯಿಂದ ದೂರ, ಮನೆಯಲ್ಲೊಬ್ಬರು ತಿಂಗಳೊಪ್ಪತ್ತು ನೋಡಿಕೊಳ್ಳುವಂತಿದ್ದರೆ ಮಾಡಬಹುದು. ಒಂದು ಆಡಿನ ತೊಗಲಿನಿಂದ ಆರಂಭಿಸುವುದು ಮೇಲು. ದನದ ವಿಷಯದಲ್ಲಿ ರಾಜ್ಯಕ್ಕೊಂದು ಕಾಯಿದೆಯಿದೆ. ಜಿಂಕೆ ಮುಂತಾದ ಕಾಡುಪ್ರಾಣಿಗಳ ಚರ್ಮವನ್ನು 1972ರ ವನ್ಯಜೀವಿ ಕಾಯಿದೆಯ ಮೇರೆಗೆ ಮುಟ್ಟುವಂತೆಯೇ ಇಲ್ಲ. ಕಟುಕರ ಅಂಗಡಿಯಿಂದ ತಪಾಸಣೆಯಾದ ಆಡಿನ ತೊಗಲನ್ನೇ ತನ್ನಿ. ತಟ್ಟನೆ ಸತ್ತ ಪಶುವನ್ನು, ಅದರಲ್ಲೂ ಮೂಗು ಬಾಯಿಗಳಿಂದ ಕಪ್ಪು ರಕ್ತ ಸೋರಿದ್ದನ್ನು, ಎಂದೂ ಸುಲಿಯಬಾರದು. ಅದು ನೆರಡಿ ರೋಗವಿರಬಹುದು. ಆ ರೋಗ ಚರ್ಮದಿಂದ ಮನುಷ್ಯನ ಕೈಗೆ ಹತ್ತುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಪಶುವೈದ್ಯರಿಗೆ ತಿಳಿಸುವುದೊಂದೇ ದಾರಿ.

ತೊಗಲು ಒಂದೂವರೆ ಕಿಲೋ ತೂಗುತ್ತದೆಂದು ಇಟ್ಟುಕೊಳ್ಳೋಣ. ಸುಲಿದ ಮೂರು ನಾಲ್ಕು ತಾಸಿನೊಳಗೆ ಅಂಟಿದ ಮಾಂಸ ಕೊಬ್ಬುಗಳನ್ನು ತೆಗೆದು, ಮಾಂಸದ ಮಗ್ಗುಲಿಗೆ 600 ಗ್ರಾಮಿನಿಂದ ಮುಕ್ಕಾಲು ಕಿಲೋದಷ್ಟು ಉಪ್ಪನ್ನು ಅಂಚಿನವರೆಗೂ ತಿಕ್ಕಬೇಕು. ಕೂಡಲೇ ಕೆಲಸಕ್ಕೆ ತೊಡಗುವುದಾದರೆ ಉಪ್ಪಿನ ಗೊಡವೆ ಬೇಡ. ಬೇಸಗೆಯಲ್ಲಿ ಒಂದು ದಿನ ಹಾಗೇ ಬಿಟ್ಟ ತೊಗಲಿಗೆ ಆಮೇಲೆ ಯಾವ ತೊಗಟೆಯೂ ಜೀವ ಕೊಡಲಾರದು. ಉಪ್ಪು ಹಾಕಿದ್ದನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಯಿಟ್ಟು, ಎರಡು ಮೂರು ಸಲ ನೀರು ಬದಲಿಸಿದರೆ ಅದು ಹಸಿಯದರಂತೆ ಮೆತ್ತಗಾಗುತ್ತದೆ.

ಮುಂದೆ ಸುಣ್ಣ. ಅರಳಿಸಿದ ಸುಣ್ಣ 150 ಗ್ರಾಮು, ತೊಗಲು ಪೂರ್ತಿ ಮುಳುಗುವಷ್ಟು ನೀರು. ದಿನಕ್ಕೆರಡು ಸಲ ಕೋಲಿನಿಂದ ಮೇಲೆಕೆಳಗೆ ಮಾಡಬೇಕು. ಕೈಗೆ ರಬ್ಬರಿನ ಚೀಲ ಬೇಕೇಬೇಕು. ಕಣ್ಣಿಗೆ ಸಿಡಿದರೆ ಬಹಳ ಹೊತ್ತು ನೀರು ಹೊಯ್ದು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಸುಣ್ಣವು ಕೂದಲಿನ ಬುಡವನ್ನು ಸಡಿಲಿಸಿ, ತೊಗಲನ್ನು ಉಬ್ಬಿಸಿ, ಎಳೆಗಳ ನಡುವಿನ ಬೇಡದ ಪದಾರ್ಥವನ್ನು ಕರಗಿಸುತ್ತದೆ. ಎಷ್ಟು ದಿನವೆಂದು ಕ್ಯಾಲೆಂಡರು ಹೇಳಲಾರದು. ಸೆಕೆಯಲ್ಲಿ ನಾಲ್ಕು, ಚಳಿಯಲ್ಲಿ ಎಂಟು ದಿನವೂ ಆದೀತು. ಬೆನ್ನಿನ ಮೇಲಿನ ಕೂದಲು ಹೆಬ್ಬೆರಳಿನಿಂದ ಒತ್ತಿ ಸರಿಸಿದಾಗ ಸುಲಭವಾಗಿ ಜಾರಿಬಂದರೆ ಸಾಕು. ದುಂಡನೆಯ ದಿಮ್ಮಿಯ ಮೇಲೆ ಹಾಸಿ ಮೊಂಡ ಅಲಗಿನಿಂದ ಕೂದಲನ್ನು ನೂಕಬೇಕು. ತಿರುವಿ ಹಾಕಿ, ಹರಿತವಾದುದರಿಂದ ಮಾಂಸದ ಪೊರೆಯನ್ನು ಹೆರೆಯಬೇಕು. ಕೂದಲ ಮಗ್ಗುಲಿಗೆ ಒಂದು ಗೀರು ಬಿದ್ದರೂ ಅದು ಮೆಟ್ಟು ಹರಿಯುವವರೆಗೆ ಕಾಣುತ್ತದೆ.

ಹೊಸಬರು ಕೆಡುವುದು ಇದರ ಮುಂದಿನ ಹಂತದಲ್ಲಿ. ಸುಣ್ಣವನ್ನು ತೊಗಲಿನಿಂದ ಪೂರ್ತಿ ಹೊರಗೆ ತೆಗೆಯಬೇಕು. ಒಳಗೆ ಉಳಿದರೆ ತೊಗಟೆಯ ರಸ ಅಲ್ಲಿ ಕಪ್ಪಿಟ್ಟು, ಚರ್ಮ ಒಡಕಾಗುತ್ತದೆ. ನಾಲ್ಕೈದು ನೀರಿನಲ್ಲಿ ತೊಳೆದ ಮೇಲೆ, ಎರಡು ಹಿಡಿ ಗೋದಿಯ ತೌಡನ್ನು ಹಿಂದಿನ ದಿನವೇ ಬೆಚ್ಚನೆಯ ನೀರಿನಲ್ಲಿ ಹುಳಿಬರಿಸಿಟ್ಟು, ಆ ಹುಳಿನೀರಿನಲ್ಲಿ ತೊಗಲನ್ನು ಒಂದು ರಾತ್ರಿ ಇಡಬೇಕು. ಹುಳಿಯು ಸುಣ್ಣವನ್ನು ಹೊರಗೆಳೆಯುತ್ತದೆ. ಉಬ್ಬಿದ ತೊಗಲು ಇಳಿದು ರೇಷ್ಮೆಯಂತೆ ಜಾರುತ್ತದೆ, ಹೆಬ್ಬೆರಳು ಒತ್ತಿದ ಗುರುತು ಹಾಗೆಯೇ ನಿಲ್ಲುತ್ತದೆ. ಇನ್ನೂ ಸಂಶಯವಿದ್ದರೆ ನಮ್ಮ ಅಡಿಗೆಮನೆಯಲ್ಲೇ ಪರೀಕ್ಷೆಯ ಸಾಮಗ್ರಿಯಿದೆ. ಆರತಿಯ ನೀರು ಕೆಂಪಾಗುವುದು ಅರಿಶಿನಕ್ಕೆ ಸುಣ್ಣ ಕೂಡಿದ್ದರಿಂದಲ್ಲವೆ? ಕುತ್ತಿಗೆಯ ದಪ್ಪ ಭಾಗದ ಅಂಚನ್ನು ಚೂರು ಕೊಯ್ದು, ಕೊಯ್ದ ಬಾಯಿಗೆ ಅರಿಶಿನದ ನೀರು ಹಚ್ಚಿ ನೋಡಿ. ಹಳದಿಯಾಗಿಯೇ ಉಳಿದರೆ ಸುಣ್ಣ ಹೋಗಿದೆ. ನಡುವೆ ಕೆಂಪು ಗೆರೆ ಮೂಡಿದರೆ ಇನ್ನೊಂದು ತೌಡಿನ ನೀರು ಬೇಕು.

ತಂಗಡಿಯ ತೊಗಟೆ ಒಟ್ಟು 2 ಕಿಲೋ ಬೇಕು. ಗಿಡವನ್ನು ಬುಡಸಹಿತ ಕೀಳದೆ ಕೊಂಬೆ ಕಡಿದು ಸುಲಿದರೆ ಅದು ಮತ್ತೆ ಚಿಗುರುತ್ತದೆ. ಒಣಗಿಸಿ, ಕುಟ್ಟಿ, ಮೊದಲ ಸಲ ಕಾಲು ಕಿಲೋ ತೊಗಟೆಯನ್ನು ಮಾತ್ರ ತೊಗಲು ಮುಳುಗುವಷ್ಟು ನೀರಿನಲ್ಲಿ ಎರಡು ದಿನ ನೆನೆಯಿಡಬೇಕು. ನೀರು ತೆಳ್ಳನೆಯ ಚಹದ ಬಣ್ಣಕ್ಕಿರಲಿ. ತೊಗಲನ್ನು ಅದರಲ್ಲಿ ಇಳಿಸಿದ ಮೊದಲ ಒಂದು ತಾಸು ಕೈಬಿಡದೆ ಆಡಿಸುತ್ತಿರಬೇಕು, ಆ ದಿನವೆಲ್ಲ ಆಗಾಗ ತಿರುವಬೇಕು. ಮೂರು ನಾಲ್ಕು ದಿನಕ್ಕೊಮ್ಮೆ ಹೊಸ ತೊಗಟೆ ಸೇರಿಸುತ್ತ, ನೀರನ್ನು ಗಡಸು ಮಾಡುತ್ತ ಹೋಗಬೇಕು. ಮೊದಲೇ ಗಡಸು ನೀರಿಗೆ ಹಾಕಿದರೆ ಬೇಗ ಆಗುವುದಿಲ್ಲವೆ ಎಂದು ಕೇಳುವವರುಂಟು. ಆಗುವುದಿಲ್ಲ. ಗಡಸು ನೀರು ಮೇಲ್ಮೈಯನ್ನು ಮಾತ್ರ ಹಿಡಿದು ಬಾಗಿಲು ಮುಚ್ಚಿದಂತೆ ಮಾಡುತ್ತದೆ. ಒಳಗೆ ಹಸಿಯಾಗಿಯೇ ಉಳಿದು ಆಮೇಲೆ ಅಲ್ಲಿಂದ ಕೊಳೆಯುತ್ತದೆ. ಹೊರಗೆ ಕಂದು ಬಣ್ಣ ಬಂದಿತೆಂದು ಹಿಗ್ಗಬಾರದು. ಎರಡು ವಾರದ ಮೇಲೆ ಮತ್ತೆ ಕುತ್ತಿಗೆಯ ಅಂಚನ್ನು ಕೊಯ್ದು ನೋಡಿ. ಕೊಯ್ದ ಬಾಯಿ ಈ ಕಡೆಯಿಂದ ಆ ಕಡೆಗೆ ಒಂದೇ ಬಣ್ಣವಿದ್ದರೆ ಹದವಾಯಿತು. ನಡುವೆ ಬಿಳಿಯ ದಾರದಂಥ ಗೆರೆ ಕಂಡರೆ ಇನ್ನೂ ಒಂದು ವಾರ.

ತಂಗಡಿಯ ಚರ್ಮಕ್ಕೆ ಒಂದು ದೋಷವಿದೆ. ಬೆಳಕಿಗೆ ಅದು ಕೆಂಪೇರುತ್ತದೆ. ಅದಕ್ಕೇ ಕೊನೆಗೆ ಅಳಲೆಕಾಯಿಯ ಪುಡಿ ಕದಡಿದ ನೀರಿನಲ್ಲಿ ಒಂದೆರಡು ದಿನ ಇಡುತ್ತಾರೆ. ಬಣ್ಣ ತಿಳಿಯಾಗುತ್ತದೆ, ನಿಲ್ಲುತ್ತದೆ. ಬಳಿಕ ಬೇಗನೆ ತೊಳೆದು, ನೀರು ಹಿಂಡಿ, ಇನ್ನೂ ತೇವವಿರುವಾಗಲೇ ಎಳ್ಳೆಣ್ಣೆಯನ್ನೋ ಹೊಂಗೆಯೆಣ್ಣೆಯನ್ನೋ ತಿಕ್ಕಬೇಕು. ನೀರು ಹೊರಗೆ ಹೋಗುತ್ತಿದ್ದಂತೆ ಎಣ್ಣೆ ಒಳಗಿಳಿಯುತ್ತದೆ. ಒಣಗಿದ ಮೇಲೆ ಹಚ್ಚಿದರೆ ಮೇಲೆಯೇ ನಿಲ್ಲುತ್ತದೆ. ನೆರಳಿನಲ್ಲಿ ಒಣಗಿಸಿ, ಅರೆ ಒಣಗಿದಾಗ ಹೊರಸಿನ ಪಟ್ಟಿಯ ಮೇಲೆ ಹಿಂದೆಮುಂದೆ ಎಳೆದಾಡಿದರೆ ಮಿದುವಾಗುತ್ತದೆ. ಮಳೆಗಾಲದಲ್ಲಿ ಈ ಒಣಗಿಸುವ ಕೆಲಸ ಇಟ್ಟುಕೊಳ್ಳಬೇಡಿ, ಬೂಷ್ಟು ಹಿಡಿಯುತ್ತದೆ. ಸುಣ್ಣದ ನೀರು ಉಪ್ಪಿನ ನೀರುಗಳನ್ನು ಹಳ್ಳಕ್ಕೆ ಬಿಡಕೂಡದು. ತೊಗಟೆಯ ಗಸಿ ಒಣಗಿದರೆ ಒಲೆಗಾಗುತ್ತದೆ.

ಎಮ್ಮೆಯ ಚರ್ಮ ದಪ್ಪ. ಅದನ್ನು ಹೀಗೆ ನೆನೆಯಿಟ್ಟರೆ ರಸ ನಡುವಿಗೆ ಮುಟ್ಟಲು ತಿಂಗಳುಗಳೇ ಬೇಕು. ಅದಕ್ಕೆ ನಮ್ಮ ಹದಗಾರರು ಕಂಡುಹಿಡಿದ ಯುಕ್ತಿಯನ್ನು ನೋಡಿದರೆ ತಲೆದೂಗಬೇಕು. ಅರ್ಧ ಹದವಾದ ಚರ್ಮವನ್ನು ಅಂಚುಗೂಡಿಸಿ ನಾರಿನಿಂದ ಹೊಲಿದು, ಇಡೀ ಚರ್ಮವನ್ನೇ ಒಂದು ಚೀಲ ಮಾಡುತ್ತಾರೆ. ಅದನ್ನು ಮರದ ಅಡ್ಡೆಗೆ ತೂಗುಹಾಕಿ, ಒಳಗೆ ಕುಟ್ಟಿದ ತೊಗಟೆ ತುಂಬಿ, ಮೇಲಿನ ಬಾಯಿಯಿಂದ ತೊಗಟೆಯ ನೀರು ಹೊಯ್ಯುತ್ತಾರೆ. ಚೀಲ ಬಸುರಿಯ ಹೊಟ್ಟೆಯಂತೆ ಉಬ್ಬಿ ತೂಗುತ್ತದೆ. ನೀರಿನ ಭಾರವೇ ರಸವನ್ನು ಚರ್ಮದ ಮೈಯೊಳಗಿಂದ ಹೊರಕ್ಕೆ ನೂಕುತ್ತದೆ. ಹೊರಮೈಯಿಂದ ತೊಟ್ಟಿಕ್ಕಿದ್ದು ಕೆಳಗಿನ ಬಾನಿಗೆ ಬೀಳುತ್ತದೆ. ಅದನ್ನೇ ತುಂಬಿ ಮತ್ತೆ ಮೇಲಿನಿಂದ ಹೊಯ್ಯುತ್ತಾರೆ. ಕೆಲವು ದಿನಗಳಾದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಹೊಲಿದು, ಮೇಲಿದ್ದ ಭಾಗಕ್ಕೂ ಭಾರ ಸಿಗುವಂತೆ ಮಾಡುತ್ತಾರೆ. ಯಂತ್ರವಿಲ್ಲ, ಪಂಪಿಲ್ಲ. ಹೊಲಿಗೆಯ ಅಂಚು ಹಾಳಾಗುತ್ತದೆ, ಮೇಲ್ಮೈ ಕೊಂಚ ಒರಟಾಗುತ್ತದೆ ಎಂಬ ದೂರು ನಿಜ. ಆದರೆ ಕಪಿಲೆ ಬಾವಿಯಲ್ಲಿ ನೀರೆತ್ತುತ್ತಿದ್ದ ತೊಗಲ ಚೀಲಗಳನ್ನೂ, ಅಥಣಿ ನಿಪ್ಪಾಣಿಗಳ ಕಡೆಯ ಮೆಟ್ಟಿನ ಅಟ್ಟೆಯನ್ನೂ ಕೊಟ್ಟದ್ದು ಈ ಬಗೆಯ ಹದವೇ. ಆ ಮೆಟ್ಟಿಗೆ ಪೇಟೆಯಲ್ಲಿ ಕೊಲ್ಹಾಪುರಿ ಎಂದು ಹೆಸರು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿಯವರು ಮಿಲಾನಿನಲ್ಲಿ ಇದೇ ಮಾದರಿಯ ಮೆಟ್ಟನ್ನು ಮೊದಲು ಊರಿನ ಹೆಸರೆತ್ತದೆ ಪ್ರದರ್ಶಿಸಿ, ಗದ್ದಲವಾದ ಮೇಲೆ ಭಾರತದ ಕೈಕಸುಬಿನ ಋಣವನ್ನು ಒಪ್ಪಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತು.

ಹೆಸರೆತ್ತದಿರುವುದು ಇಟಲಿಯವರು ಹೊಸದಾಗಿ ಕಲಿಸಿದ್ದಲ್ಲ. ಮುಂಬಯಿಯ ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗವೆಂಬ ರಸ್ತೆಯಿದೆ. ಅದರ ಮೇಲೆ ದಿನವೂ ಓಡಾಡುವ ಕನ್ನಡಿಗರಲ್ಲಿ ಎಷ್ಟೋ ಜನರಿಗೆ ಆ ಕಕ್ಕಯ್ಯ ಯಾರೆಂಬುದು ಹೊಳೆದಿರಲಾರದು. ಅವರು ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣ, ಡೋಹರ ಕಕ್ಕಯ್ಯ. ಡೋಹರರೆಂದರೆ ಚರ್ಮ ಹದಮಾಡುವವರು. ಬಸವಣ್ಣನವರು ತಮ್ಮ ವಚನಗಳಲ್ಲಿ ಅವರನ್ನು ಬಂಧುವೆಂದು ಕರೆದುಕೊಂಡಿದ್ದಾರೆ, ಕಕ್ಕಯ್ಯನವರೂ ವಚನಕಾರರು. ಊರಿನಲ್ಲಿ ಕೇರಿಯ ಆಚೆಗಿಟ್ಟವರ ಹೆಸರು ಇಲ್ಲಿ ಪರಊರಿನ ರಸ್ತೆಯ ಫಲಕಕ್ಕೆ ಏರಿದೆ. ಧಾರಾವಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬೆಳೆದಿದ್ದ ಹದದ ಮನೆಗಳು, ಕಸಾಯಿಖಾನೆ 1971ರಲ್ಲಿ ದೇವನಾರಕ್ಕೆ ಹೋದ ಬಳಿಕ ಬರಬರುತ್ತ ಬಹುಪಾಲು ಮುಚ್ಚಿದವು. ಚೀಲ, ಪಟ್ಟಿ, ಜಾಕೀಟು ಹೊಲಿಯುವ ಅಂಗಡಿಗಳು ಉಳಿದಿವೆ.

ಈ ಕಸುಬಿನ ಬಗ್ಗೆ ನಮ್ಮ ದೊಡ್ಡವರಲ್ಲಿ ಎರಡು ಮತವಿತ್ತು. ಗಾಂಧೀಜಿ 1934ರಲ್ಲಿ ಹರಿಜನ ಪತ್ರಿಕೆಯಲ್ಲಿ ಹಳ್ಳಿಯ ಹದಗಾರಿಕೆಯನ್ನು ಶುಚಿಯಾಗಿ, ಶಾಸ್ತ್ರೀಯವಾಗಿ ಬೆಳೆಸಬೇಕೆಂದು ಬರೆದರು. ಅಂಬೇಡ್ಕರರು 1927ರ ಮಹಾಡದ ಪರಿಷತ್ತಿನಲ್ಲಿ ಸತ್ತ ದನದ ಮಾಂಸವನ್ನು ಬಿಡಿರೆಂದು ತಮ್ಮವರಿಗೆ ಕರೆಕೊಟ್ಟರು, ಹುಟ್ಟಿನೊಡನೆ ಕಸುಬನ್ನು ಗಂಟುಹಾಕುವುದನ್ನೇ ಖಂಡಿಸಿದರು. ನಮಗೆ ಅಂಬೇಡ್ಕರರ ಮಾತು ಹೆಚ್ಚು ಸರಿಯೆನಿಸುತ್ತದೆ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದ ಮೇಲೆ, ಇನ್ನು ಸತ್ತ ದನ ಎತ್ತುವುದಿಲ್ಲವೆಂದು ಅಲ್ಲಿಯ ಎಷ್ಟೋ ಜನ ಶಪಥಮಾಡಿದರು. ಬೇರೆ ದಾರಿಯಿಲ್ಲದೆ ಮಾಡಿದ ಕೆಲಸವನ್ನು ಬಿಟ್ಟು ಗುಮಾಸ್ತನಾಗಿ, ಫಿಟ್ಟರನಾಗಿ ಪಟ್ಟಣಕ್ಕೆ ಬಂದವನು ಏನನ್ನೂ ಕಳೆದುಕೊಂಡಿಲ್ಲ. ಆದರೆ ಅವನ ಅಜ್ಜನಿಗೆ ಸುಣ್ಣದ ಹದ ಬೆರಳಿನಲ್ಲಿ ತಿಳಿಯುತ್ತಿತ್ತು, ತೊಗಟೆಯ ಗಡಸು ನಾಲಿಗೆಯ ತುದಿಯಲ್ಲಿ ತಿಳಿಯುತ್ತಿತ್ತು. ಅದನ್ನು ಹೊಲಸು ಎಂದು ಕರೆದವರು ಅದೇ ಚರ್ಮದ ಮೆಟ್ಟು ಮೆಟ್ಟಿ ದೇವಸ್ಥಾನದ ಬಾಗಿಲವರೆಗೂ ನಡೆದರು. ಊರಿನಲ್ಲಿ ಹದ ಬಲ್ಲ ಅಜ್ಜನೊಬ್ಬ ಇನ್ನೂ ಇದ್ದರೆ, ಈ ಸಲ ರಜೆಗೆ ಹೋದಾಗ ಅವನ ಮುಂದೆ ಕೂತು ನೀರಿನ ಅಳತೆ, ತೊಗಟೆಯ ಅಳತೆ, ದಿನದ ಲೆಕ್ಕಗಳನ್ನು ಒಂದು ವಹಿಯಲ್ಲಿ ಬರೆದುಕೊಂಡು ಬನ್ನಿ. ಅವನು ಒಪ್ಪಿದರೆ ಅವನ ಹೆಸರನ್ನೂ ಮೇಲೆ ಬರೆಯಿರಿ.

ಕ್ರೋಮಿಯಂ ಉಪ್ಪಿನಿಂದ ಹದಮಾಡುವ ಪದ್ಧತಿ 1880ರ ದಶಕದಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದಿತು. ಇಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ತಂದರು. ಮುಂದೆ ಇವರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೂ ಬಂದವರು. ವಾರಗಳ ಕೆಲಸ ಅದರಿಂದ ಒಂದೆರಡು ದಿನಕ್ಕಿಳಿಯಿತು, ಚರ್ಮ ಕುದಿಯುವ ನೀರನ್ನೂ ತಾಳುವಂತಾಯಿತು. ಇಂದು ಪೇಟೆಯ ಚರ್ಮದಲ್ಲಿ ಹೆಚ್ಚಿನ ಪಾಲು ಅದೇ. ಅದರ ಹೊಲಸುನೀರು ತಮಿಳುನಾಡಿನ ಪಾಲಾರ್ ನದಿಯ ದಂಡೆಯನ್ನು ಕೆಡಿಸಿದ ಕಥೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ತೀರ್ಪಾಯಿತು. ತೊಗಟೆಯ ಹದವಾದರೂ ಉಪ್ಪು ಸುಣ್ಣಗಳ ಮಟ್ಟಿಗೆ ನಿರ್ದೋಷಿಯಲ್ಲ, ಅದನ್ನು ಮೇಲೆಯೇ ಹೇಳಿದ್ದೇವೆ.

ಅಂಗಡಿಯಲ್ಲಿ ಎರಡನ್ನೂ ಗುರುತಿಸುವುದು ಹೀಗೆ. ಬಣ್ಣ ಬಳಿಯದ ಅಂಚಿನಲ್ಲಿ ತೊಗಟೆಯ ಚರ್ಮ ಕಂದಾಗಿಯೂ ಕ್ರೋಮಿನದು ಹೆಚ್ಚಾಗಿ ನೀಲಿ ಬೂದಾಗಿಯೂ ಇರುತ್ತದೆ. ತೊಗಟೆಯದರ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಹೀರಿಕೊಂಡು ಅಲ್ಲಿ ಕಪ್ಪಾಗುತ್ತದೆ. ಮುಂಬಯಿ ಚೆನ್ನೈಗಳ ಮಳೆಯಲ್ಲಿ ಅಂಥ ಮೆಟ್ಟು ತೋಯ್ದರೆ ಹಳೆಯ ಕಾಗದ ತುರುಕಿ ನೆರಳಿನಲ್ಲಿ ಆರಲು ಬಿಡಿ. ಸ್ಟವ್ವಿನ ಬಳಿ ಇಡಬೇಡಿ. ತೋಯ್ದ ತೊಗಟೆಯ ಚರ್ಮ ಸುಮಾರು 80 ಡಿಗ್ರಿ ಶಾಖಕ್ಕೆ ಮುದುಡುತ್ತದೆ, ಒಮ್ಮೆ ಮುದುಡಿದ್ದು ಮತ್ತೆ ಅಗಲವಾಗದು. ಇನ್ನೂ ಸ್ವಲ್ಪ ತೇವವಿರುವಾಗಲೇ ಒಂದು ಬಟ್ಟೆಯ ಚೂರಿನಿಂದ ಎಳ್ಳೆಣ್ಣೆಯನ್ನು ತೆಳ್ಳಗೆ ಒರೆಸಿ, ಒಂದು ರಾತ್ರಿ ಬಿಟ್ಟು ಮೆಟ್ಟಿಕೊಳ್ಳಿ.